ಬಡೀಬೀಯ ಕಾಲು, ಜೈನಬ್ ಬೀಯ ಕೈ

ತುಮಕೂರಿನ ಶೆಟ್ಟಿಹಳ್ಳಿಯ ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿದು ಗಂಡಸರು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಜೈನಬ್ ಬೀ ಅವರ ಹಿತ್ತಿಲಿನ ಒಲೆಯ ಮೇಲೆ ನೀರು ಬೆಚ್ಚಗಾಗಿರುತ್ತದೆ. ಕುದಿಯುವ ಹಾಗಿಲ್ಲ. ಮುಂಗೈ ಅದ್ದಿ ನೋಡುತ್ತಾರೆ, ತಣ್ಣೀರು ಬೆರೆಸುತ್ತಾರೆ, ಮತ್ತೆ ಅದ್ದುತ್ತಾರೆ. ಹದ ಸಿಕ್ಕಿತು ಅನ್ನಿಸಿದ ಮೇಲೆ ಒಂದು ಹಿಡಿ ಕಲ್ಲುಪ್ಪು ಹಾಕಿ, ಮಣೆ ಎಳೆದುಕೊಂಡು ಕೂತು, ಪಕ್ಕದ ಬುಟ್ಟಿಯ ಮೇಲಿನ ಗೋಣಿತಾಟನ್ನು ಮೆಲ್ಲಗೆ ಸರಿಸುತ್ತಾರೆ. ಒಳಗಿನಿಂದ ಬೂದು ಬಣ್ಣದ ಕತ್ತೊಂದು ಮೇಲೇಳುತ್ತದೆ.

"ಏನಮ್ಮಾ, ನಿದ್ದೆ ಆಯ್ತಾ? ಕಾಲು ಕೊಡು ನೋಡಣ."

ಕಾಲು ಕೊಡುವುದು ಹತ್ತು ವರ್ಷದ ಒಂದು ನಾಟಿ ಕೋಳಿ. ಹೆಸರು ಬಡೀಬೀ. ಮನೆಯ ಹಿರಿಯ ಹೆಂಗಸನ್ನು ಉರ್ದುವಿನಲ್ಲಿ ಹಾಗೆ ಕರೆಯುತ್ತಾರೆ. ಬಡೀಬೀಯ ಬಲಗಾಲು ಎಂಟು ವರ್ಷದ ಹಿಂದೆ ಮುರಿದು ಸೊಟ್ಟಗೆ ಕೂಡಿಕೊಂಡದ್ದು. ಎಡಗಾಲಿನ ಅಂಗಾಲಲ್ಲಿ ಒಂದು ಹಳೆಯ ಆಣಿ. ಮೈಭಾರವನ್ನೆಲ್ಲ ಆ ಒಂದೇ ಕಾಲು ಹೊತ್ತೂ ಹೊತ್ತೂ ಎದ್ದ ಗಂಟು ಅದು. ಮಳೆಗಾಲ ಬಂದರೆ, ನೆಲ ತಣ್ಣಗಾದರೆ ಊದಿಕೊಳ್ಳುತ್ತದೆ. ಜೈನಬ್ ಬೀ ಒಂದು ಕೈಯನ್ನು ಕೋಳಿಯ ಎದೆಯ ಕೆಳಗೆ ಕೊಟ್ಟು, ಇನ್ನೊಂದು ಕೈಯಿಂದ ರೆಕ್ಕೆ ಅಮುಕಿ, ಎರಡೂ ಪಾದ ನೀರಿಗೆ ಇಳಿಯುವಂತೆ ಹಿಡಿಯುತ್ತಾರೆ. ಮೊದಲು ಕೋಳಿ ಒಮ್ಮೆ ಕೊಸರುತ್ತದೆ. ಆಮೇಲೆ ಕಣ್ಣಿನ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಏರಿ ಮುಚ್ಚಿಕೊಳ್ಳುತ್ತದೆ. ಹಾಗೇ ಕಾಲು ಗಂಟೆ. ಜೈನಬ್ ಬೀ ಕೈಯಲ್ಲಿ ಗಡಿಯಾರವಿಲ್ಲ. "ಒಂದು ದಿಂಬಿನ ಬಾಯಿ ಹೊಲಿಯೋವಷ್ಟು ಹೊತ್ತು," ಎನ್ನುವುದು ಅವರ ಲೆಕ್ಕ.

ಆಮೇಲೆ ಒರೆಸುವುದು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚುವುದು. ಅದರ ಮೇಲೆ ಹಿಂಜಿದ ಅರಳೆಯ ಒಂದು ಪುಟ್ಟ ಮೆತ್ತೆ, ಅದರ ಮೇಲೆ ಹಳೇ ಸೀರೆಯ ಪಟ್ಟಿ, ಎಲ್ಲಕ್ಕಿಂತ ಹೊರಗೆ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ಬೂಟು. ಅಲ್ಲಿಗೂ ಮುಗಿಯುವುದಿಲ್ಲ. ತಲೆಕೆಳಗಾಗಿ ಇಟ್ಟ ಒಂದು ಸ್ಟೂಲಿನ ನಾಲ್ಕು ಕಾಲಿಗೆ ಬಟ್ಟೆಯೊಂದನ್ನು ತೊಟ್ಟಿಲಿನಂತೆ ಕಟ್ಟಿದ್ದಾರೆ. ಬಟ್ಟೆಯಲ್ಲಿ ಎರಡು ತೂತು. ಬಡೀಬೀಯ ಕಾಲುಗಳನ್ನು ಆ ತೂತುಗಳಲ್ಲಿ ಇಳಿಬಿಟ್ಟು ಕೂರಿಸಿದರೆ ಪಾದ ನೆಲಕ್ಕೆ ಸೋಕಿಯೂ ಸೋಕದಂತಿರುತ್ತದೆ, ಭಾರವೆಲ್ಲ ಬಟ್ಟೆಯ ಮೇಲೆ. ಕೊಕ್ಕಿಗೆ ಸಿಗುವಂತೆ ಒಂದು ಬಟ್ಟಲು ನೀರು, ಇನ್ನೊಂದರಲ್ಲಿ ರಾಗಿ ನುಚ್ಚು.

"ನೋಡಿ, ಮಹಾರಾಣಿ ಪಲ್ಲಕ್ಕೀಲಿ ಕೂತವ್ಳೆ," ಎಂದು ಹೊಸಿಲಿನ ಮೇಲೆ ಕೂತ ಬಾಬಾ ಜಾನ್ ನಗುತ್ತಾರೆ. ಅವರು ಜೈನಬ್ ಬೀ ಅವರ ಪತಿ. ನಕ್ಕರೆ ಕೆಮ್ಮು ಬರುತ್ತದೆ. ಆದರೂ ನಗುತ್ತಾರೆ.

ಏಳು ಗಂಟೆಯಾಗುವಷ್ಟರಲ್ಲಿ ಬೀದಿ ಬಾಗಿಲಲ್ಲಿ ಜನ. ಒಬ್ಬರ ಕೈಯಲ್ಲಿ ವೈರ್ ಬ್ಯಾಗು, ಅದರಿಂದ ಹೊರಗೆ ಚಾಚಿದ ಕೆಂಪು ತಲೆ. ಇನ್ನೊಬ್ಬರ ಸೆರಗಿನೊಳಗೆ ಏನೋ ಮಿಸುಕಾಡುತ್ತಿದೆ. ಬ್ಯಾಗಿನಿಂದ ಹೊರಬಂದ ಹ್ಯಾಟೆ ಕೋಳಿ ಮೂರು ದಿನದಿಂದ ಒಂದು ಕಾಲೆತ್ತಿಕೊಂಡೇ ನಿಂತಿದೆಯಂತೆ. ಜೈನಬ್ ಬೀ ಅದನ್ನು ಮಡಿಲಿಗೆ ಹಾಕಿಕೊಂಡು ಬೆರಳು ಬೆರಳಿನ ಸಂದು ನೋಡುತ್ತಾರೆ. ಅವರ ಕಣ್ಣಿಗೆ ಪೊರೆ ಬರುತ್ತಿದೆ. ಹಾಗಾಗಿ ನೋಡುವುದು ಕಡಿಮೆ, ಸವರುವುದು ಹೆಚ್ಚು. ನಡುಬೆರಳಿನ ಬುಡದಲ್ಲಿ ಅವರ ಹೆಬ್ಬೆರಳು ನಿಲ್ಲುತ್ತದೆ. ಸೂಜಿಯ ಹಿಂಬದಿಯಿಂದ ಮೆಲ್ಲಗೆ ಎತ್ತುತ್ತಾರೆ. ಚರ್ಮದೊಳಗೆ ಹೂತುಹೋಗಿದ್ದ ಒಂದು ದಾರ, ಮನುಷ್ಯರ ತಲೆಗೂದಲಿನಷ್ಟು ತೆಳ್ಳನೆಯದು, ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬರುತ್ತದೆ. ಇನ್ನೆರಡು ದಿನ ಬಿಟ್ಟಿದ್ದರೆ ಬೆರಳು ಉದುರಿಹೋಗುತ್ತಿತ್ತು. ಹೆಬ್ಬೆರಳಿಗೆ ಸಿಕ್ಕ ಆ ದಾರ ಕಣ್ಣು ನೆಟ್ಟಗಿರುವ ಯಾರಿಗೂ ಕಂಡಿರಲಿಲ್ಲ.

"ದರ್ಜಿ ಅಂಗಡಿ ಹಿಂದೆ ಬಿಡಬ್ಯಾಡಿ ಅಂದಿದ್ನಲ್ಲ," ಎಂದು ಕೋಳಿ ತಂದವರಿಗೆ ಗದರುತ್ತಾರೆ. ಫೀಸು ಇಲ್ಲ. ಬಂದವರು ಬಾಗಿಲಲ್ಲಿಟ್ಟಿರುವ ಡಬ್ಬಕ್ಕೆ ಒಂದು ಹಿಡಿ ನುಚ್ಚು ಹಾಕಿ ಹೋಗಬೇಕು. ಅದು ಉಳಿದುಕೊಳ್ಳುವ ರೋಗಿಗಳ ಊಟಕ್ಕೆ.

ಐವತ್ತೆಂಟು ವರ್ಷದ ಜೈನಬ್ ಬೀ ಹುಟ್ಟಿದ್ದು ಗುಬ್ಬಿಯಲ್ಲಿ. ಮದುವೆಯಾಗಿ ತುಮಕೂರಿಗೆ ಬಂದಾಗ ಗಂಡನ ಮನೆಯವರದು ಹತ್ತಿ ಹಿಂಜುವ ಕಸುಬು. ಬಾಬಾ ಜಾನ್ ಹೆಗಲಿಗೆ ಬಿಲ್ಲು ಹಾಕಿಕೊಂಡು ಬೀದಿ ಬೀದಿ ಸುತ್ತಿ, ಜನರ ಮನೆಯಂಗಳದಲ್ಲೇ ಹಳೇ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹಿಂಜಿ ಹಗುರ ಮಾಡುತ್ತಿದ್ದರು. ಹಿಂದೆಯೇ ಜೈನಬ್ ಬೀ ಡಬ್ಬಣ ಹಿಡಿದು ಹೊಲಿಯುತ್ತಿದ್ದರು. ಗುಬ್ಬಿ, ಕುಣಿಗಲ್ಲು, ಯಡಿಯೂರಿನ ತನಕ ಅವರು ಹೊಲಿದ ಹಾಸಿಗೆಗಳಿವೆ. ಇಪ್ಪತ್ತೈದು ವರ್ಷ ಎಳೆದುಕೊಂಡ ಹತ್ತಿಯ ದೂಳು ಬಾಬಾ ಜಾನರ ಎದೆಯಲ್ಲಿ ಕೂತು 1995ರಲ್ಲಿ ದಮ್ಮಾಗಿ ಎದ್ದಿತು. ಬಿಲ್ಲು ಅಟ್ಟ ಸೇರಿತು. ಅಷ್ಟರಲ್ಲಿ ಫೋಮಿನ ಹಾಸಿಗೆಗಳೂ ಪೇಟೆಗೆ ಬಂದಿದ್ದವು. ಜೈನಬ್ ಬೀ ಒಬ್ಬರೇ ದಿಂಬು, ಕೌದಿ ಎಂದು ಮನೆ ಮನೆಗೆ ಹೋಗತೊಡಗಿದರು.

ಆ ವರ್ಷ ಮನೆಯಲ್ಲಿ ಇದ್ದದ್ದು ಒಂದೇ ಕೋಳಿ. ಬೂದು ಬಣ್ಣ, ಕತ್ತಿನ ಸುತ್ತ ಬಿಳಿ ಚುಕ್ಕೆ. ವಾರಕ್ಕೆ ಮೂರೋ ನಾಲ್ಕೋ ಮೊಟ್ಟೆ. ಒಂದೂ ಮಾರದೆ ಎಲ್ಲವನ್ನೂ ಬೇಯಿಸಿ ಗಂಡನಿಗೆ ಕೊಟ್ಟರು. "ಡಾಕ್ಟ್ರು ಹಾಲು, ಹಣ್ಣು, ಮೊಟ್ಟೆ ಅಂದ್ರು. ಹಾಲು ಹಣ್ಣು ಎಲ್ಲಿಂದ ತರ್ಲಿ? ಮೊಟ್ಟೆ ಒಂದು ಇವಳು ಕೊಟ್ಳು," ಎಂದು ಸ್ಟೂಲಿನ ಕಡೆ ಕೈ ತೋರಿಸುತ್ತಾರೆ.

1996ರ ಬೇಸಿಗೆಯಲ್ಲಿ ಒಂದು ಆಟೋ ಆ ಕೋಳಿಯ ಬಲಗಾಲಿನ ಮೇಲೆ ಹಾದುಹೋಯಿತು. ಮೂಳೆ ಎರಡಾಗಿ ಪಾದ ಜೋತುಬಿದ್ದಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. ಬಾಬಾ ಜಾನರ ತಮ್ಮ ಅಮೀನ್ ಚೂರಿಯನ್ನೂ ತಂದುಬಿಟ್ಟರು. ನಾಟಿ ಕೋಳಿ ಸಾರು ದಮ್ಮಿಗೆ ಒಳ್ಳೆಯದು, ಅಣ್ಣನ ಎದೆಗೆ ಬಲ ಬರುತ್ತದೆ, ಹೇಗೂ ಇನ್ನು ನಡೆಯುವ ಕೋಳಿಯಲ್ಲ ಎಂದರು. ಮಾತೇನೂ ತಪ್ಪಲ್ಲ. ಜೈನಬ್ ಬೀಗೂ ಹಾಗೇ ಅನ್ನಿಸಿತ್ತು. ಕೋಳಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು.

"ಬೇರೆಯವ್ರು ಮುಟ್ಟಿದ್ರೆ ಬಡ್ಕೋತಿತ್ತು. ನನ್ನ ಕೈಗೆ ಬಂದಿದ್ದೇ ತಲೆ ತಂದು ನನ್ನ ಕಂಕುಳಲ್ಲಿ ಇಟ್ಬಿಡ್ತು. ಅಮೀನ ಕೈ ಚಾಚವ್ನೆ, ನಾನು ಕೊಡಬೇಕು. ಕೈ ಮುಂದಕ್ಕೇ ಹೋಗ್ಲಿಲ್ಲ." ಆಗ ಒಳಗೆ ಮಂಚದ ಮೇಲೆ ಏದುಸಿರು ಬಿಡುತ್ತಿದ್ದ ಬಾಬಾ ಜಾನ್ ಕೂಗಿ ಹೇಳಿದರಂತೆ: "ಅದು ಕೊಟ್ಟಿದ್ದು ತಿಂದು ಎದ್ದು ಕೂತಿದೀನಿ. ಅದನ್ನೇ ತಿನ್ನು ಅಂದ್ರೆ ನಂಗೆ ಬೇಡ ಕಣೋ."

ಜೈನಬ್ ಬೀ ಅದಕ್ಕೂ ಮುಂಚೆ ಯಾವ ಪ್ರಾಣಿಯ ಮೂಳೆಯನ್ನೂ ಕಟ್ಟಿದವರಲ್ಲ. ಗೊತ್ತಿದ್ದದ್ದು ಹೊಲಿಗೆ ಒಂದೇ. ಎಷ್ಟು ಬಿಗಿದರೆ ಬಟ್ಟೆ ಸುಕ್ಕಾಗುತ್ತದೆ, ಎಷ್ಟು ಸಡಿಲ ಬಿಟ್ಟರೆ ಹತ್ತಿ ಜಾರುತ್ತದೆ ಎನ್ನುವುದು ಬೆರಳಿಗೆ ಗೊತ್ತಿತ್ತು. ಬಿದಿರು ಬುಟ್ಟಿಯಿಂದ ಎರಡು ಸೀಳು ಕಿತ್ತು, ಅರಳೆಯ ಮೆತ್ತೆ ಕೊಟ್ಟು, ಮುರಿದ ಕಾಲನ್ನು ನಡುವೆ ಇಟ್ಟು ದಾರ ಸುತ್ತಿದರು. ನಾಲ್ಕನೇ ದಿನಕ್ಕೆ ಬೆರಳುಗಳು ತಣ್ಣಗಾದವು. ಬಿಗಿ ಹೆಚ್ಚಾಯಿತು ಎಂದು ಬಿಚ್ಚಿ ಮತ್ತೆ ಕಟ್ಟಿದರು. ಆ ಬಿಚ್ಚಿ ಕಟ್ಟಿದ್ದರಲ್ಲೇ ಮೂಳೆ ಸ್ವಲ್ಪ ಜರುಗಿ ಕಾಲು ಸೊಟ್ಟಗಾಯಿತು. ಇಪ್ಪತ್ತೆರಡನೇ ದಿನ ಕೋಳಿ ಕುಂಟುತ್ತಾ ಹಿತ್ತಿಲು ದಾಟಿ ತಿಪ್ಪೆಯ ತನಕ ಹೋಗಿ ಕೆದಕಿತು. ಬೀದಿಯವರು ಅದನ್ನು ಕುಂಟಿ ಎಂದು ಕರೆಯತೊಡಗಿದಾಗ ಜೈನಬ್ ಬೀಗೆ ಸಿಟ್ಟು ಬಂತು. "ಕುಂಟಿ ಗಿಂಟಿ ಅನ್ಬ್ಯಾಡಿ, ಈ ಮನೇಲಿ ಅವಳೇ ದೊಡ್ಡೋಳು," ಎಂದರು. ಬಡೀಬೀ ಎಂಬ ಹೆಸರು ಬಂದದ್ದು ಅವತ್ತು.

ಇಷ್ಟು ಹೇಳಿದ ಮೇಲೆ ಜೈನಬ್ ಬೀ ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. "ನಾನು ಕೋಳಿ ತಿನ್ನೋಳೇ. ಹಬ್ಬಕ್ಕೆ ನಮ್ಮನೇಲೂ ಹುಂಜ ಕುಯ್ತಾರೆ. ದೇವ್ರು ಅದಕ್ಕೆ ಅಂತ ಕೊಟ್ಟವ್ನೆ. ಆದ್ರೆ ಕಣ್ಣ ಮುಂದೆ ನರಳ್ತಾ ಬಿದ್ದಿದ್ರೆ ನೋಡ್ಕೊಂಡು ಕೂರೋಕೆ ಅಲ್ಲ."

ಕಾಲು ಕೂಡಿಸಿದ ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ಜನ ಕೋಳಿ ತರತೊಡಗಿದರು. ಆ ಉಮೇದಿನಲ್ಲೇ 1999ರಲ್ಲಿ ಆಗಬಾರದ್ದು ಆಯಿತು. ಗುಬ್ಬಿ ಕಡೆಯವರೊಬ್ಬರು ಕುಂಟುವ ಕೋಳಿ ಎಂದು ಒಂದನ್ನು ತಂದು ಬಿಟ್ಟುಹೋದರು. ತೂಕಡಿಸುತ್ತಿತ್ತು, ಹಸಿರು ಹಿಕ್ಕೆ ಹಾಕುತ್ತಿತ್ತು. ಕಾಲಿನ ತೊಂದರೆ ಅಂದುಕೊಂಡು ಜೈನಬ್ ಬೀ ಹಿತ್ತಿಲಲ್ಲೇ ಇಟ್ಟುಕೊಂಡರು. ಮೂರನೇ ದಿನ ಅದರ ಕತ್ತು ತಿರುಚಿಕೊಂಡಿತು. ಅದು ಕೊಕ್ಕರೆ ರೋಗ, ಗಾಳಿಯಷ್ಟೇ ವೇಗವಾಗಿ ಹರಡುವಂಥದ್ದು ಎಂದು ತಿಳಿಯುವಷ್ಟರಲ್ಲಿ ಅವರ ಹಿತ್ತಿಲಿನ ಏಳು ಕೋಳಿ ಸತ್ತಿದ್ದವು. ಗೋಡೆಯಾಚೆ ಪುಟ್ಟಗಂಗಮ್ಮ ಸಾಕಿದ್ದ ಆರೂ ಸತ್ತವು. ಪುಟ್ಟಗಂಗಮ್ಮನದು ಕೂಲಿ ಮಾಡುವ ಮನೆ. ಆ ಆರು ಕೋಳಿ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಬಡೀಬೀ ಮಾತ್ರ ಹೇಗೋ ಉಳಿದುಕೊಂಡಿತು.

ಯಾರೂ ಜೈನಬ್ ಬೀ ಮೇಲೆ ತಪ್ಪು ಹೊರಿಸಿರಲಿಲ್ಲ. ಊರಲ್ಲೆಲ್ಲ ಕೋಳಿಗೆ ರೋಗ ಬಂದಿದೆ ಎಂದು ಪುಟ್ಟಗಂಗಮ್ಮ ಸುಮ್ಮನಾಗಿದ್ದರು. ಜೈನಬ್ ಬೀ ತಾವೇ ಹೋಗಿ ಬಾಗಿಲಲ್ಲಿ ನಿಂತರು. "ಪುಟ್ಗಂಗಕ್ಕ, ನಿನ್ನ ಕೋಳಿ ಸತ್ತಿದ್ದು ನನ್ನಿಂದ ಕಣಕ್ಕ. ರೋಗದ ಕೋಳಿನ ನಾನೇ ತಂದು ಗೋಡೆ ಪಕ್ಕ ಇಟ್ಕೊಂಡೆ." ಪುಟ್ಟಗಂಗಮ್ಮ ಬಾಗಿಲು ಮುಂದೆ ಮಾಡಿಕೊಂಡರು. ಎರಡು ತಿಂಗಳು ಮಾತಿಲ್ಲ.

ಗುಬ್ಬಿಯಲ್ಲಿ ಚನ್ನವೀರಯ್ಯ ಎಂಬ ನಿವೃತ್ತ ಸ್ಟಾಕ್‌ಮನ್ ಇದ್ದಾರೆ. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಸೈಕಲ್ಲಿನ ಮೇಲೆ ದನಕರುಗಳ ಚಿಕಿತ್ಸೆಗೆ ಮೂವತ್ತು ವರ್ಷ ಸುತ್ತಿದವರು. ಅವರ ಜಗಲಿಯ ಮೇಲೆ ಒಂದು ಬೆಳಿಗ್ಗೆ ಜೈನಬ್ ಬೀ ಹೋಗಿ ಕೂತರು. "ಹದಿಮೂರು ಕೋಳಿ ಕೊಂದಿದೀನಿ ಸ್ವಾಮಿ. ಕಲಿಸ್ತೀರೋ, ಇಲ್ಲಾ ಬಿಟ್ಬಿಡು ಅಂತೀರೋ?" ಆ ಮಾತು ಚನ್ನವೀರಯ್ಯನವರಿಗೆ ಇವತ್ತಿಗೂ ಮರೆತಿಲ್ಲ. "ತಪ್ಪು ಮಾಡಿ ಸುಮ್ನೆ ಆಗೋರ್ನ ನೋಡಿದೀನಿ. ತಪ್ಪನ್ನ ಎಣಿಸ್ಕೊಂಡು ಬಂದು ಮುಂದೆ ಕೂತೋರು ಈಯಮ್ಮ ಒಬ್ರೇ," ಎನ್ನುತ್ತಾರೆ. ಅವರು ಮೊದಲು ಕಲಿಸಿದ್ದು ಯಾವ ಕೋಳಿಯನ್ನು ಮುಟ್ಟಬಾರದು ಎಂಬುದನ್ನು. ತೂಕಡಿಸುವುದು, ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು, ಇವು ಕಂಡರೆ ಬಾಗಿಲಿನಿಂದಲೇ ದನದ ದೊಡ್ಡಾಸ್ಪತ್ರೆಗೆ ಕಳಿಸು. ಒಂದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಇನ್ನೊಂದನ್ನು ಮುಟ್ಟಬೇಡ. ಆಮೇಲೆ ಲಸಿಕೆ. ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಮರಿಯ ಕಣ್ಣಿಗೆ ಒಂದೇ ತೊಟ್ಟು.

ಗುಬ್ಬಿಯ ಬಸ್ಸಿನಲ್ಲಿ ಆ ಫ್ಲಾಸ್ಕನ್ನು ಎದೆಗವಚಿಕೊಂಡು ಬಂದ ಮೊದಲ ದಿನ ಜೈನಬ್ ಬೀ ತಮ್ಮ ಮನೆಗೆ ಹೋಗಲಿಲ್ಲ. ನೇರ ಪುಟ್ಟಗಂಗಮ್ಮನ ಬಾಗಿಲಿಗೆ ಹೋದರು. ಆ ಮನೆಯಲ್ಲಿ ಆಗಷ್ಟೇ ಹೊಸ ಮರಿಗಳು ಬಂದಿದ್ದವು. "ಔಷಧಿ ತಂದಿದೀನಿ. ಬೇಡ ಅಂದ್ರೆ ವಾಪಸ್ ಹೋಗ್ತೀನಿ," ಎಂದರು. ಪುಟ್ಟಗಂಗಮ್ಮ ಒಳಗೆ ಹೋಗಿ ಮೊರದ ತುಂಬ ಮರಿ ಇಟ್ಟುಕೊಂಡು ಬಂದರು. "ಬಿಸ್ಲಲ್ಲಿ ಎಷ್ಟೊತ್ತು ನಿಲ್ತೀಯ, ಬಾ ಒಳೀಕೆ," ಎಂದರು. ಆಮೇಲಿನ ಐದು ವರ್ಷದಲ್ಲಿ ಆ ಬೀದಿಗೆ ಕೊಕ್ಕರೆ ರೋಗ ಕಾಲಿಟ್ಟಿಲ್ಲ.

ಇಷ್ಟರಲ್ಲಿ ಬಡೀಬೀಗೆ ವಯಸ್ಸಾಗುತ್ತಿತ್ತು. ಮೊಟ್ಟೆ ವರ್ಷಕ್ಕೆ ನಾಲ್ಕೋ ಐದೋ. ಆದರೆ ಒಂದು ವಿಷಯ ಯಾರೂ ಎಣಿಸಿರಲಿಲ್ಲ. ಓಡಾಡಲು ಕಷ್ಟವಾದ ಈ ಕೋಳಿ ಕಾವಿಗೆ ಕೂತರೆ ಸುಲಭಕ್ಕೆ ಏಳುತ್ತಿರಲಿಲ್ಲ. ಬೇರೆ ಕೋಳಿಗಳು ನಡುವೆ ಎದ್ದು ಹೋಗುತ್ತವೆ, ಮೊಟ್ಟೆ ತಣ್ಣಗಾಗುತ್ತದೆ. ಬಡೀಬೀ ಮೇವಿಗೂ ಬೇಗ ಹೋಗಿ ಬೇಗ ಬರುತ್ತಿತ್ತು. ಯಾರ ಮೊಟ್ಟೆ ಇಟ್ಟರೂ ತನ್ನದೇ ಎಂಬಂತೆ ರೆಕ್ಕೆ ಅಗಲಿಸುತ್ತಿತ್ತು. ಬೀದಿಯವರು ಕುಂಟಿ ಎನ್ನುವುದನ್ನು ಬಿಟ್ಟು ಮೊಟ್ಟೆ ಹಿಡಿದು ಬರತೊಡಗಿದರು.

2002ರ ಜನವರಿಯಲ್ಲಿ ಹುಲಿಯೂರುದುರ್ಗದ ಸಿದ್ದಲಕ್ಷ್ಮಮ್ಮ ಬಂದದ್ದು ಹೀಗೆಯೇ. ಅವರ ಮಗಳ ಮನೆ ಶೆಟ್ಟಿಹಳ್ಳಿಯ ಹಿಂದಿನ ಬೀದಿಯಲ್ಲಿ. ಎರಡು ಬಸ್ಸು ಬದಲಾಯಿಸಿ, ತೌಡು ತುಂಬಿದ ಕುಕ್ಕೆಯಲ್ಲಿ ಹದಿಮೂರು ಮೊಟ್ಟೆ ಹೂತು ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

"ರೋಗ ಬಂದಿತ್ತಾ ಅಕ್ಕ?" ಜೈನಬ್ ಬೀ ಮೊದಲು ಕೇಳಿದ್ದು ಅದನ್ನೇ.

"ರೋಗ ಅಲ್ಲ ಕಣ್ ಬೂಬಮ್ಮ. ಬೆಟ್ಟದ ಕಡೆಯಿಂದ ಕಾಡ್ಬೆಕ್ಕು ಬಂದು ಗೂಡಲ್ಲಿದ್ದವನ್ನೆಲ್ಲ ಮುಗಿಸ್ಬುಡ್ತು. ಒಂದೂ ಬುಡ್ಲಿಲ್ಲ. ಅವು ಜುಟ್ಟಿನ ಕೋಳಿ, ನಮ್ಮತ್ತೆ ತವರಿಂದ ತಂದ ತಳಿ. ಉಳ್ದಿರೋದು ರಾಗಿ ಮಡಕೇಲಿ ಇಟ್ಟಿದ್ದ ಈ ಮೊಟ್ಟೆ ಅಷ್ಟೇಯ. ನಮ್ಮೂರಲ್ಲಿ ಯಾವ ಹ್ಯಾಟೇನೂ ಕಾವಿಗೆ ಬಂದಿಲ್ಲ. ಇನ್ನೆರಡು ದಿನ ತಡೆದ್ರೆ ಇವೂ ಕೆಡ್ತವೆ."

ಬಡೀಬೀ ಆಗಲೇ ಕಾವಿಗೆ ಕೂತಿತ್ತು. ಹದಿಮೂರೂ ಮೊಟ್ಟೆ ಅದರ ರೆಕ್ಕೆಯಡಿ ಸೇರಿದವು. ಮೊಟ್ಟೆ ಒಡೆದು ಮರಿ ಬರಲು ಇಪ್ಪತ್ತೊಂದು ದಿನ ಬೇಕು. ಹನ್ನೆರಡು ದಿನ ಎಲ್ಲವೂ ಸರಿಯಾಗಿಯೇ ಇತ್ತು. ಹದಿಮೂರನೇ ದಿನ ಬೆಳಿಗ್ಗೆ ಬುಟ್ಟಿಯಲ್ಲಿ ಎರಡು ಮೊಟ್ಟೆ ಒಡೆದಿದ್ದವು. ಬಡೀಬೀ ಪಕ್ಕಕ್ಕೆ ವಾಲಿಕೊಂಡಿತ್ತು. ಎಡಗಾಲಿನ ಆಣಿ ನಿಂಬೆಹಣ್ಣಿನ ಗಾತ್ರಕ್ಕೆ ಊದಿ ಕೆಂಡದ ಹಾಗೆ ಸುಡುತ್ತಿತ್ತು. ಸರಿಯಾಗಿ ಕೂರಲಾಗದೆ ಮೊಟ್ಟೆಗಳ ಮೇಲೇ ಬಿದ್ದಿತ್ತು. ಇನ್ನೂ ಬಿಟ್ಟರೆ ಉಳಿದ ಹನ್ನೊಂದೂ ಹೋಗುತ್ತವೆ. ತೆಗೆದರೆ ತಣ್ಣಗಾಗುತ್ತವೆ. ಬೀದಿಯಲ್ಲೆಲ್ಲ ವಿಚಾರಿಸಿದ್ದಾಯಿತು, ಕಾವಿಗೆ ಕೂತ ಕೋಳಿ ಇನ್ನೊಂದಿಲ್ಲ. ಚನ್ನವೀರಯ್ಯನವರಿಗೆ ಫೋನು ಮಾಡಿದರೆ, "ಎರಡರಲ್ಲಿ ಒಂದನ್ನ ನೋಡ್ಕೋ ತಾಯಿ. ಕೋಳಿ, ಇಲ್ಲಾ ಮೊಟ್ಟೆ," ಎಂದರು.

"ಅವ್ರು ಹೇಳಿದ್ದು ಸರಿನೇ. ಆದ್ರೆ ನಂಗೆ ಎರಡು ಕೈ ಇದೆಯಲ್ಲ," ಎನ್ನುತ್ತಾರೆ ಜೈನಬ್ ಬೀ. ಅಷ್ಟೇ ಸರಳವಾಗಿ.

ಅಂದು ಅವರು ಅಟ್ಟದಿಂದ ಅರಳೆಯ ಗಂಟನ್ನು ಇಳಿಸಿದರು. ಅಗಲ ಬಾಯಿಯ ಬುಟ್ಟಿಯೊಂದಕ್ಕೆ ಒಳಗೆಲ್ಲ ಅರಳೆ ಹೊದಿಸಿದರು. ಬಾಬಾ ಜಾನ್ ಎದೆಗೆ ಶಾಖ ಕೊಟ್ಟುಕೊಳ್ಳುವ ರಬ್ಬರಿನ ಬಿಸಿನೀರ ಚೀಲವನ್ನು ತಳದಲ್ಲಿಟ್ಟು, ಮೇಲೆ ಮತ್ತೆ ಅರಳೆ, ಅದರ ಮೇಲೆ ಮೊಟ್ಟೆ, ಅದರ ಮೇಲೆ ಕೌದಿ. ಬಿಸಿ ಎಷ್ಟಿರಬೇಕು? ಮೊಟ್ಟೆಯೊಂದನ್ನು ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ನೋಡುತ್ತಿದ್ದರು. ಗುಬ್ಬಿಯಲ್ಲಿ ಅವರ ಅಮ್ಮ ಹಾಗೆ ನೋಡುತ್ತಿದ್ದರಂತೆ. ರೆಪ್ಪೆಗೆ ಹಿತವೆನಿಸಿದರೆ ಸರಿ. ಚುರುಕು ಅನ್ನಿಸಿದರೆ ನೀರಿಗೆ ತಣ್ಣೀರು, ಬೆಚ್ಚಗೇ ಇಲ್ಲ ಅನ್ನಿಸಿದರೆ ಬಿಸಿನೀರು. ದಿನಕ್ಕೆ ಮೂರು ಸಲ ಒಂದೊಂದು ಮೊಟ್ಟೆಯನ್ನೂ ಮಗ್ಗುಲು ಬದಲಿಸುವುದು. ಪ್ರತಿ ಎರಡು ಗಂಟೆಗೊಮ್ಮೆ ಚೀಲದ ನೀರು ಬದಲಿಸುವುದು. ದಿಂಬು ಹೊಲಿಯುವಾಗ ಬುಟ್ಟಿಯನ್ನು ತೊಡೆಯ ನಡುವೆ ಇಟ್ಟುಕೊಂಡೇ ಹೊಲಿದರು. ಎದ್ದು ಹೋಗಬೇಕಾದಾಗ ಬುಟ್ಟಿ ಬಾಬಾ ಜಾನರ ಮಡಿಲಿಗೆ.

ಬಾಬಾ ಜಾನರಿಗೆ ದಮ್ಮಿನಿಂದಾಗಿ ಹೇಗೂ ಮಲಗಲಾಗದು, ಗೋಡೆಗೊರಗಿ ಕೂತೇ ಬೆಳಗು ಮಾಡುವವರು. "ಏಳು ವರ್ಷ ಆಗಿತ್ತು ನನ್ನಿಂದ ಒಂದು ಕೆಲ್ಸ ಆಗಿ. ಆ ವಾರ ನನ್ನ ದಮ್ಮೂ ಉಪಯೋಗಕ್ಕೆ ಬಂತು ನೋಡಿ," ಎಂದು ಹೇಳುವಾಗ ಅವರು ನಗುವುದಿಲ್ಲ.

ಇನ್ನೊಂದು ಕೈ ಬಡೀಬೀಯ ಕಾಲಿಗೆ. ಚನ್ನವೀರಯ್ಯ ಹೇಳಿ ಕಳಿಸಿದ ಮಾತ್ರೆಯನ್ನು ಪುಡಿ ಮಾಡಿ ಬೆಲ್ಲದ ನೀರಿನಲ್ಲಿ ಕೊಕ್ಕಿಗೆ ಬಿಡುವುದು, ದಿನಕ್ಕೆ ಮೂರು ಸಲ ಉಪ್ಪುನೀರಲ್ಲಿ ಕಾಲು ನೆನೆಸುವುದು. ಸ್ಟೂಲಿನ ತೊಟ್ಟಿಲು ಕಟ್ಟಿದ್ದೂ ಆ ವಾರವೇ. ಬಡೀಬೀ ಮೇವು ಬಿಟ್ಟಿತು. ದನಿ ಬಿಟ್ಟಿತು. ಕತ್ತು ಜೋತುಹಾಕಿಕೊಂಡು ಇರುತ್ತಿತ್ತು. ಐದನೇ ದಿನ ಆಣಿಯ ಕಪ್ಪು ಸಿಪ್ಪೆ ಮೆತ್ತಗಾಯಿತು. ಕುದಿಸಿದ ಸೂಜಿಯಿಂದ ಅಂಚು ಎಬ್ಬಿಸಿ, ಎರಡು ಹೆಬ್ಬೆರಳಿನಿಂದ ಜೈನಬ್ ಬೀ ಮೆಲ್ಲಗೆ ಒತ್ತಿದರು. ಗಟ್ಟಿಯಾಗಿದ್ದ ಕೀವು ಹುಣಸೆಬೀಜದಂತೆ ಇಡಿಯಾಗಿ ಹೊರಬಂತು. ಕೋಳಿ ಕಮಕ್ ಕಿಮಕ್ ಅನ್ನಲಿಲ್ಲ. ಸತ್ತೇಹೋಯಿತೇನೋ ಎಂದು ಎದೆಗೆ ಕಿವಿ ಇಟ್ಟರು. ಸಣ್ಣಗೆ ಬಡಿಯುತ್ತಿತ್ತು.

ಇಪ್ಪತ್ತನೇ ದಿನ ಬೆಳಿಗ್ಗೆ, ಮೊಟ್ಟೆಗಳ ಮಗ್ಗುಲು ಬದಲಿಸಲು ಕೌದಿ ಸರಿಸಿದಾಗ ಒಂದು ಮೊಟ್ಟೆಯ ಒಳಗಿನಿಂದ ಸದ್ದು ಬಂತು. ತೀರಾ ಸಣ್ಣದು. ಬಾಗಿಲ ಸಂದಿಯಲ್ಲಿ ಗಾಳಿ ಹೊಕ್ಕಂತೆ. ಚಿಪ್ಪು ಇನ್ನೂ ಒಡೆದಿರಲಿಲ್ಲ, ಒಳಗಿದ್ದ ಮರಿ ಕೂಗುತ್ತಿತ್ತು. ಜೈನಬ್ ಬೀ ಉಸಿರು ಬಿಗಿಹಿಡಿದು ಕೂತಿದ್ದಾಗಲೇ ಹಿಂದಿನಿಂದ ಉತ್ತರ ಬಂತು.

"ಕೊಕ್... ಕೊಕ್... ಅಂತ. ಏಳು ದಿನ ಬಾಯಿ ಬಿಡದೇ ಇದ್ದೋಳು! ತೊಟ್ಲಲ್ಲಿ ಕತ್ತು ನೆಟ್ಟಗೆ ಮಾಡ್ಕೊಂಡು ಈ ಕಡೆಗೇ ನೋಡ್ತಾ ಅವ್ಳೆ. ಇದು ಒಂದು ಸಲ ಕೂಗೋದು, ಅವಳು ಒಂದು ಸಲ ಅನ್ನೋದು. ಮೊಟ್ಟೆ ಒಳಗಡೆ ಇರೋ ಕೂಸಿನ ಹತ್ರ ಮಾತಾಡ್ತಾ ಅವ್ಳೆ! ನಮ್ಮ ಯಜಮಾನ್ರು ಗೋಡೆಗೆ ಒರಗಿದ್ದೋರು ಎದ್ದು ನಿಂತ್ಬುಟ್ರು."

ಜೈನಬ್ ಬೀ ಬಡೀಬೀಯನ್ನು ತೊಟ್ಟಿಲಿನಿಂದ ಇಳಿಸಿ ಬುಟ್ಟಿಯಿಂದ ಒಂದು ಮೊಳ ದೂರದಲ್ಲಿ ಬಿಟ್ಟರು. ಅದಕ್ಕೆ ನಡೆಯಲಾಗುತ್ತಿರಲಿಲ್ಲ. ರೆಕ್ಕೆ ನೆಲಕ್ಕೆ ಊರಿ, ಎದೆಯನ್ನು ಎಳೆದುಕೊಂಡು ಹೋಯಿತು. ಬುಟ್ಟಿಯ ಅಂಚಿನಲ್ಲಿ ನಿಂತು ಮೊಟ್ಟೆಗಳನ್ನು ನೋಡಿತು. ಆಮೇಲೆ ಬ್ಯಾಂಡೇಜಿನ ಕಾಲನ್ನು ಹೊರಗೆ ಚಾಚಿಕೊಂಡು, ಒಂದೂ ಮೊಟ್ಟೆ ತುಳಿಯದಂತೆ, ಪಕ್ಕಕ್ಕೆ ವಾಲಿ ಮೈ ಇಳಿಸಿತು. ಮರುದಿನ ಸಂಜೆಯೊಳಗೆ ಹನ್ನೊಂದರಲ್ಲಿ ಒಂಬತ್ತು ಮರಿ ಹೊರಬಂದವು. ಐದರ ನೆತ್ತಿಯ ಮೇಲೆ ಆಗಲೇ ಗುಬುಟು ಕಾಣುತ್ತಿತ್ತು, ಮುಂದೆ ಜುಟ್ಟಾಗುವಂಥದ್ದು.

ಸುದ್ದಿ ತಿಳಿದು ಬಂದ ಸಿದ್ದಲಕ್ಷ್ಮಮ್ಮ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಮರಿಗಳನ್ನೇ ನೋಡಿದರು. "ನಮ್ಮತ್ತೆ ಇದ್ದಿದ್ರೆ ನಿಂಗೆ ಕೈ ಮುಗೀತಿದ್ರು ಕಣ್ ಬೂಬಮ್ಮ," ಎಂದರು. "ನಂಗ್ಯಾಕೆ? ಅವಳಿಗೆ ಮುಗೀರಿ," ಎಂದು ಜೈನಬ್ ಬೀ ಕೋಳಿಯನ್ನು ತೋರಿಸಿದರು. ಸಿದ್ದಲಕ್ಷ್ಮಮ್ಮ ನಿಜಕ್ಕೂ ಕೋಳಿಗೆ ಕೈ ಮುಗಿದರಂತೆ. ಎರಡು ತಿಂಗಳು ತಾಯಿಯ ಜೊತೆ ಬೆಳೆದ ಮೇಲೆ ಒಂಬತ್ತೂ ಮರಿ ಹುಲಿಯೂರುದುರ್ಗದ ಬಸ್ಸು ಹತ್ತಿದವು.

ಚನ್ನವೀರಯ್ಯ ಆ ಕಥೆ ಬಂದರೆ ತಲೆದೂಗುತ್ತಾರೆ. "ಮೂವತ್ತು ವರ್ಷ ಸರ್ವಿಸು ನಂದು. ಎಂಟು ದಿನ ಮಡಿಲಲ್ಲಿಟ್ಟು ಮೊಟ್ಟೆ ಮರಿ ಮಾಡಿದೋರ್ನ ನಾನು ಕಂಡಿಲ್ಲ. ಎರಡರಲ್ಲಿ ಒಂದು ಅಂತ ಹೇಳಿದೋನು ನಾನು. ನಾನು ಹೇಳಿದ್ದು ಸುಳ್ಳಾಯ್ತಲ್ಲ ಅಂತ ಅಷ್ಟು ಖುಷಿ ಯಾವತ್ತೂ ಆಗಿಲ್ಲ."

ಈಗ 2004ರ ಮಳೆಗಾಲ. ವಾರಕ್ಕೆ ಎಂಟು ಹತ್ತು ಕೋಳಿ ಬರುತ್ತವೆ, ಮಳೆ ಹಿಡಿದರೆ ಹದಿನೈದು. ಅದರಲ್ಲಿ ಎರಡೋ ಮೂರೋ ಉಳಿಯುವುದಿಲ್ಲ. ಅವುಗಳ ಹೆಸರೆತ್ತಿದರೆ ಜೈನಬ್ ಬೀ ಮಾತು ಬದಲಿಸುತ್ತಾರೆ. ದಿನಕ್ಕೆ ನಾಲ್ಕು ಸಲ ನೀರು ಕಾಯಿಸುತ್ತಾರೆ, ಎಷ್ಟು ಸಲವೋ ಕೈ ತೊಳೆಯುತ್ತಾರೆ. ಮಧ್ಯಾಹ್ನದ ಹೊತ್ತು ದಿಂಬು ಹೊಲಿಯುತ್ತಾರೆ, ಮನೆ ನಡೆಯುವುದು ಅದರಿಂದಲೇ. ತಿಂಗಳಿಗೊಮ್ಮೆ ಗುಬ್ಬಿಗೆ ಹೋಗಿ ಲಸಿಕೆ ತರುತ್ತಾರೆ. ಬಾಗಿಲಿಗೆ ಒಂದು ಬೋರ್ಡು ಬರೆಸಿಕೊಡುತ್ತೇವೆ ಎಂದು ಬೀದಿಯವರು ಹೇಳಿದರೆ ಒಪ್ಪಿಲ್ಲ. "ನಂಗೆ ಓದೋಕೆ ಬರಲ್ಲ, ಕೋಳಿಗೂ ಬರಲ್ಲ," ಎಂದರಂತೆ.

ಕಳೆದ ಸಂಕ್ರಾಂತಿಯ ಮರುವಾರ ಸಿದ್ದಲಕ್ಷ್ಮಮ್ಮ ಬಿಡದೆ ಕರೆದರೆಂದು ಜೈನಬ್ ಬೀ ಮೊದಲ ಬಾರಿ ಹುಲಿಯೂರುದುರ್ಗಕ್ಕೆ ಹೋಗಿಬಂದರು. ಎರಡು ವರ್ಷದಲ್ಲಿ ಒಂಬತ್ತು ಕೋಳಿ ನಲವತ್ತಾಗಿದ್ದವು. ಅರ್ಧ ಬೀದಿಗೆ ಸಿದ್ದಲಕ್ಷ್ಮಮ್ಮನೇ ಹಂಚಿದ್ದರು. ಜುಟ್ಟು ಕುಣಿಸಿಕೊಂಡು ಕೋಳಿಗಳು ಕಣದ ತುಂಬ ಓಡಾಡುತ್ತಿದ್ದವು. ಮಡಿಲಲ್ಲಿಟ್ಟು ಕಣ್ಣಿಗೊತ್ತಿಕೊಂಡ ಆ ಒಂಬತ್ತರಲ್ಲಿ ಒಂದನ್ನಾದರೂ ಹುಡುಕೋಣ ಎಂದು ಜೈನಬ್ ಬೀ ಕಣದ ನಡುವೆ ಹೋಗಿ ನಿಂತರು. ಒಂದೂ ಅವರ ಹತ್ತಿರ ಬರಲಿಲ್ಲ. ಗುರುತಿಲ್ಲದ ಹೆಂಗಸು ಯಾರೋ ಎಂಬಂತೆ ಅಕ್ಕಪಕ್ಕದಲ್ಲೇ ಬಿರ‍್ರನೆ ಓಡಿಹೋದವು.

ಬೇಸರವಾಯಿತೇ ಎಂದು ಕೇಳಿದರೆ ಜೈನಬ್ ಬೀ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸುತ್ತಾರೆ. ಮುಖದಲ್ಲಿ ಮೊದಲು ನಗು, ಆಮೇಲೆ ಮಾತು.

"ಬೇಜಾರ್ಯಾಕೆ? ಒಂದಾದ್ರೂ ಕುಂಟ್ತಾ ಇದ್ದಿದ್ರೆ ಕೂತ್ಕೊಂಡು ಕಾಲು ಹಿಡಿದು ನೋಡ್ತಿದ್ದೆ. 'ಗುರ್ತು ಸಿಕ್ತಾ ಬೂಬಮ್ಮ?' ಅಂತ ಸಿದ್ಲಕ್ಷ್ಮಕ್ಕ ಕೇಳಿದ್ರು. ಇಲ್ಲ ಕಣಕ್ಕ ಅಂದೆ. ಹೆಂಗೆ ಸಿಗುತ್ತೆ? ಅಷ್ಟರಲ್ಲಿ ಒಂದೂ ಕುಂಟ್ಲಿಲ್ಲ."